ಯಾವ ವಿಮಾನ ಸಂಸ್ಥೆ ಹೆಚ್ಚು ಸುರಕ್ಷಿತ? ಟಿಕೆಟ್ ಬುಕ್ ಮಾಡುವ ಮುನ್ನ ಪುಣೆಯ ಈ ದಾಖಲೆ ನೋಡಿ

ಪುಣೆ: ಹಬ್ಬಕ್ಕೆ ಊರಿಗೆ ಹೋಗಲು ಪುಣೆಯಿಂದ ಬೆಂಗಳೂರಿಗೆ ವಿಮಾನದ ಟಿಕೆಟ್ ಹುಡುಕುವವರು ಮೊದಲೆಲ್ಲ ನೋಡುತ್ತಿದ್ದದ್ದು ಎರಡೇ ಸಂಗತಿ. ಒಂದು ದರ, ಇನ್ನೊಂದು ಹೊರಡುವ ಸಮಯ. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ 171 ವಿಮಾನ ಪತನಗೊಂಡ ಮೇಲೆ ಮೂರನೆಯ ಪ್ರಶ್ನೆಯೊಂದು ಸೇರಿಕೊಂಡಿದೆ: ಇದು ಯಾವ ಕಂಪನಿಯ ವಿಮಾನ?

ಅಂದು ವಿಮಾನದಲ್ಲಿದ್ದ 242 ಮಂದಿಯಲ್ಲಿ 241 ಮಂದಿ ಮೃತಪಟ್ಟರು. ಬದುಕುಳಿದದ್ದು ಒಬ್ಬರೇ. ನೆಲದ ಮೇಲಿದ್ದ 19 ಮಂದಿಯೂ ಪ್ರಾಣ ಕಳೆದುಕೊಂಡರು. ಇಂಥ ದುರಂತದ ನಂತರ 'ಆ ಕಂಪನಿ ಬೇಡ, ಈ ಕಂಪನಿ ಇರಲಿ' ಎಂದು ಮನೆಮಂದಿ ಮಾತಾಡಿಕೊಳ್ಳುವುದು ಸಹಜ. ಇನ್ನು ಕೆಲವರು ವಿಮಾನವೇ ಬೇಡವೆಂದು ರಾತ್ರಿ ಬಸ್ ಹತ್ತುತ್ತಾರೆ.

ಆದರೆ ಕಂಪನಿಗಳ ಸುರಕ್ಷತಾ ದಾಖಲೆಯನ್ನು ಹೋಲಿಸುವುದು ಹೇಗೆ? ಎಷ್ಟು ಅಪಘಾತ, ಎಷ್ಟು ಸಾವು ಎಂದು ಲೆಕ್ಕ ಹಾಕಿದರೆ ಸಾಕೇ? ಈ ಪ್ರಶ್ನೆಗೆ ಪುಣೆಯ ರನ್‌ವೇ ಮತ್ತು ಸುತ್ತಲಿನ ಸಹ್ಯಾದ್ರಿ ಬೆಟ್ಟಗಳಲ್ಲೇ ಉತ್ತರದ ಎಳೆಗಳಿವೆ. ಮಂಗಳೂರು ಮತ್ತು ಬೆಂಗಳೂರಿನ ದುರಂತಗಳು ಉಳಿದದ್ದನ್ನು ಹೇಳುತ್ತವೆ.

ಪುಣೆಯ ರನ್‌ವೇಯಲ್ಲಿ ಜೀಪು: ತಪ್ಪು ಯಾರ ಖಾತೆಗೆ?

2020ರ ಫೆಬ್ರವರಿ 15. ಪುಣೆಯಿಂದ ದೆಹಲಿಗೆ ಹೊರಟ ಏರ್ ಇಂಡಿಯಾದ ಏರ್‌ಬಸ್ ಎ321 ವಿಮಾನ ರನ್‌ವೇಯಲ್ಲಿ ವೇಗ ಹೆಚ್ಚಿಸಿಕೊಂಡು ಓಡುತ್ತಿತ್ತು. ಆಗ ರನ್‌ವೇ ಮೇಲೆ ಒಂದು ಜೀಪು ಮತ್ತು ಒಬ್ಬ ವ್ಯಕ್ತಿ ಪೈಲಟ್ ಕಣ್ಣಿಗೆ ಬಿದ್ದರು. ಡಿಕ್ಕಿ ತಪ್ಪಿಸಲು ಪೈಲಟ್ ನಿಗದಿತ ಹಂತಕ್ಕಿಂತ ಮೊದಲೇ ವಿಮಾನದ ಮೂಗು ಎತ್ತಿದರು. ವಿಮಾನ ಮೇಲೆದ್ದಿತು. ಆದರೆ ಹಿಂಭಾಗ ರನ್‌ವೇಗೆ ಉಜ್ಜಿ ಹಾನಿಯಾಯಿತು. ವಿಮಾನ ದೆಹಲಿಯಲ್ಲಿ ಸುರಕ್ಷಿತವಾಗಿ ಇಳಿಯಿತು, ಯಾರಿಗೂ ಏನೂ ಆಗಲಿಲ್ಲ.

2024ರ ಮೇ 16ರಂದು ಇದೇ ನಿಲ್ದಾಣದಲ್ಲಿ ಇನ್ನೊಂದು ಘಟನೆ. ದೆಹಲಿಗೆ ಹೊರಡಬೇಕಿದ್ದ ಏರ್ ಇಂಡಿಯಾ ವಿಮಾನ ರನ್‌ವೇ ಕಡೆಗೆ ಸಾಗುವಾಗ ಟಗ್ ಟ್ರ್ಯಾಕ್ಟರ್‌ಗೆ ಡಿಕ್ಕಿ ಹೊಡೆಯಿತು. ಸುಮಾರು 180 ಪ್ರಯಾಣಿಕರಿದ್ದ ವಿಮಾನದ ಮೂಗಿನ ಭಾಗಕ್ಕೂ ಚಕ್ರಕ್ಕೂ ಹಾನಿಯಾಯಿತು. ಎಲ್ಲರನ್ನೂ ಕೆಳಗಿಳಿಸಲಾಯಿತು. 2025ರ ಜೂನ್ 20ರಂದು ದೆಹಲಿಯಿಂದ ಪುಣೆಗೆ ಬಂದ ವಿಮಾನಕ್ಕೆ ಹಕ್ಕಿ ಬಡಿದಿರುವುದು ಇಳಿದ ಮೇಲೆ ಗೊತ್ತಾಯಿತು. ವಾಪಸ್ ಹೋಗಬೇಕಿದ್ದ ಪ್ರಯಾಣ ರದ್ದಾಯಿತು. ಅದೂ ಏರ್ ಇಂಡಿಯಾ ವಿಮಾನವೇ.

ಈ ಮೂರನ್ನೂ ಒಂದು ಪಟ್ಟಿಯಲ್ಲಿ ಬರೆದರೆ 'ಪುಣೆಯಲ್ಲಿ ಏರ್ ಇಂಡಿಯಾಗೆ ಮೂರು ಘಟನೆ' ಎಂದಾಗುತ್ತದೆ. ಆದರೆ ರನ್‌ವೇ ಮೇಲೆ ಜೀಪು ಬಂದದ್ದಕ್ಕೆ ವಿಮಾನ ಸಂಸ್ಥೆ ಕಾರಣವೇ? ಪುಣೆಯ ಲೋಹೆಗಾಂವ್ ವಾಯುಪಡೆಯ ನೆಲೆ. ರನ್‌ವೇ ಮತ್ತು ಏರ್ ಟ್ರಾಫಿಕ್ ಕಂಟ್ರೋಲ್ ವಾಯುಪಡೆಯ ಕೈಯಲ್ಲಿವೆ, ಪ್ರಯಾಣಿಕರ ಟರ್ಮಿನಲ್ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರದ್ದು. ಹಕ್ಕಿಗಳ ಕಾಟ ನಿಲ್ದಾಣದ ಸುತ್ತಲಿನ ಕಸ, ಮಾಂಸದಂಗಡಿ, ನೀರು ನಿಲ್ಲುವ ಜಾಗಗಳಿಗೆ ಸಂಬಂಧಿಸಿದ್ದು. ಆ ಹೊತ್ತಿಗೆ ಅಲ್ಲಿ ಬೇರೆ ಯಾವ ಕಂಪನಿಯ ವಿಮಾನವಿದ್ದರೂ ಹೀಗೆಯೇ ಆಗಬಹುದಿತ್ತು.

ಹೋಲಿಕೆಯ ಮೊದಲ ಪಾಠ ಇದು: ಘಟನೆ ಕಂಪನಿಯ ಹೆಸರಿನಲ್ಲಿ ದಾಖಲಾಗುತ್ತದೆ, ಕಾರಣ ಬೇರೆಲ್ಲೋ ಇರಬಹುದು.

ಜಗತ್ತಿನಲ್ಲಿ ಇದಕ್ಕೆ ದೊಡ್ಡ ಉದಾಹರಣೆಗಳೇ ಇವೆ. 2014ರ ಜುಲೈ 17ರಂದು ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ವಿಮಾನವನ್ನು ಪೂರ್ವ ಉಕ್ರೇನ್ ಮೇಲೆ ಕ್ಷಿಪಣಿ ಹೊಡೆದುರುಳಿಸಿತು. 298 ಮಂದಿ ಸತ್ತರು. 2018ರಲ್ಲಿ ಇಂಡೊನೇಷ್ಯಾದ ಲಯನ್ ಏರ್, 2019ರಲ್ಲಿ ಇಥಿಯೋಪಿಯನ್ ಏರ್‌ಲೈನ್ಸ್‌ನ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳು ಬಿದ್ದು ಒಟ್ಟು 346 ಮಂದಿ ಸತ್ತರು. ಎರಡರಲ್ಲೂ ವಿಮಾನದ ಮೂಗನ್ನು ತಾನಾಗಿಯೇ ಕೆಳಗೆ ತಳ್ಳುವ ನಿಯಂತ್ರಣ ವ್ಯವಸ್ಥೆಯ ದೋಷ ಬಯಲಾಯಿತು. ಅದು ತಯಾರಕರ ವಿನ್ಯಾಸಕ್ಕೆ ಸಂಬಂಧಿಸಿದ್ದು. ಬರೀ ಸಾವಿನ ಸಂಖ್ಯೆ ನೋಡುವ ಪಟ್ಟಿಯಲ್ಲಿ ಇವೆಲ್ಲವೂ ಆಯಾ ಕಂಪನಿಯ ತಲೆಗೇ ಬರುತ್ತವೆ.

ಒಂದೇ ಬೆಟ್ಟಸಾಲು, ಎರಡು ಕಂಪನಿ

ಪುಣೆ ಜಿಲ್ಲೆ ಕಂಡ ಅತಿ ಭೀಕರ ವಿಮಾನ ದುರಂತ ನಡೆದದ್ದು 1962ರ ಜುಲೈ 7ರಂದು. ಸಿಡ್ನಿಯಿಂದ ರೋಮ್‌ಗೆ ಹೊರಟಿದ್ದ ಇಟಲಿಯ ಅಲಿಟಾಲಿಯಾ 771 ವಿಮಾನ ಬ್ಯಾಂಕಾಕ್ ದಾಟಿ ಮುಂಬೈಯಲ್ಲಿ ಇಳಿಯಲು ಬರುತ್ತಿತ್ತು. ಕತ್ತಲಲ್ಲಿ, ಇಳಿಯಬೇಕಾದ ಜಾಗಕ್ಕಿಂತ ಬಹಳ ಮೊದಲೇ ಕೆಳಗಿಳಿದು ಜುನ್ನರ್ ಭಾಗದ ಬೆಟ್ಟಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 94 ಮಂದಿಯೂ ಸತ್ತರು.

17 ವರ್ಷಗಳ ನಂತರ, 1979ರ ಆಗಸ್ಟ್ 4ರಂದು ಪುಣೆಯಿಂದ ಮುಂಬೈಗೆ ಹೊರಟ ಇಂಡಿಯನ್ ಏರ್‌ಲೈನ್ಸ್‌ನ ಆವ್ರೊ ವಿಮಾನ ಮಳೆಗಾಲದ ಕೆಟ್ಟ ಹವಾಮಾನದಲ್ಲಿ ಪನ್ವೇಲ್ ಬಳಿಯ ಬೆಟ್ಟಕ್ಕೆ ಬಡಿಯಿತು. 45 ಮಂದಿಯಲ್ಲಿ ಯಾರೂ ಉಳಿಯಲಿಲ್ಲ.

ಒಂದು ವಿದೇಶಿ ಕಂಪನಿಯ ಜೆಟ್, ಇನ್ನೊಂದು ನಮ್ಮ ಸರ್ಕಾರಿ ಕಂಪನಿಯ ಸಣ್ಣ ವಿಮಾನ. ಎರಡೂ ಹಾರುತ್ತಿದ್ದಾಗಲೇ ಬೆಟ್ಟಕ್ಕೆ ಗುದ್ದಿದವು. ಎದುರಿಗೆ ನೆಲವಿದೆ ಎಂದು ಗೊತ್ತಾಗದೆ ಹೀಗೆ ಅಪ್ಪಳಿಸುವುದು ಆ ಕಾಲದಲ್ಲಿ ಜಗತ್ತಿನೆಲ್ಲೆಡೆ ಪ್ರಯಾಣಿಕರನ್ನು ಕೊಲ್ಲುತ್ತಿದ್ದ ದೊಡ್ಡ ಕಾರಣ. ಅಂದು ಪ್ರಯಾಣಿಕರು ಕಂಪನಿ ಬದಲಿಸಿದ್ದರೂ ಈ ಅಪಾಯ ಬದಲಾಗುತ್ತಿರಲಿಲ್ಲ.

ಬದಲಾದದ್ದು ಒಂದು ಉಪಕರಣದಿಂದ. ನೆಲ ಹತ್ತಿರವಾದರೆ ಕಾಕ್‌ಪಿಟ್‌ನಲ್ಲಿ ಗಟ್ಟಿಯಾಗಿ ಕೂಗಿ ಎಚ್ಚರಿಸುವ ಯಂತ್ರವನ್ನು 1970ರ ದಶಕದ ಮಧ್ಯಭಾಗದಲ್ಲಿ ಅಮೆರಿಕ ಕಡ್ಡಾಯ ಮಾಡಿತು. 1990ರ ದಶಕದಲ್ಲಿ ಅದಕ್ಕೆ ಭೂಪಟವೂ ಸೇರಿ, ಮುಂದೆ ಬರುವ ಬೆಟ್ಟವನ್ನೂ ಮೊದಲೇ ಹೇಳುವಂತಾಯಿತು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಆಕಾಶದಲ್ಲಿ ಸೌದಿ ಮತ್ತು ಕಜಕಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತ ಮೇಲೆ, ಇನ್ನೊಂದು ವಿಮಾನ ಹತ್ತಿರ ಬಂದರೆ ಎಚ್ಚರಿಸುವ ಯಂತ್ರ ಭಾರತದಲ್ಲಿ ಕಡ್ಡಾಯವಾಯಿತು. ಇಂದು ಪುಣೆಯಿಂದ ಹೊರಡುವ ಎಲ್ಲ ಕಂಪನಿಗಳ ಜೆಟ್‌ಗಳಲ್ಲೂ ಈ ಎರಡೂ ಇವೆ. ಸುರಕ್ಷತೆಯ ದೊಡ್ಡ ಪಾಲು ಎಲ್ಲರಿಗೂ ಸಮನಾಗಿ ಸಿಕ್ಕಿದ್ದು ಹೀಗೆ.

'ಒಂದೂ ಅಪಘಾತವಿಲ್ಲ' ಎಂದರೆ ಏನರ್ಥ?

ಈಗ ಲೆಕ್ಕಕ್ಕೆ ಬರೋಣ. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಗಳ ಒಕ್ಕೂಟ ಐಎಟಿಎ ಪ್ರಕಾರ 2024ರಲ್ಲಿ ಜಗತ್ತಿನಲ್ಲಿ 4.06 ಕೋಟಿ ವಿಮಾನ ಹಾರಾಟಗಳು ನಡೆದವು. ಅವುಗಳಲ್ಲಿ 7 ಅಪಘಾತಗಳು ಜೀವ ತೆಗೆದವು. ವಿಮಾನದಲ್ಲಿದ್ದವರ ಪೈಕಿ ಸತ್ತವರು 244 ಮಂದಿ. ಅಂದರೆ ಸುಮಾರು 58 ಲಕ್ಷ ಹಾರಾಟಗಳಿಗೆ ಒಂದು ಸಾವಿನ ಅಪಘಾತ.

ದಿನಕ್ಕೆ 2,000 ಹಾರಾಟ ನಡೆಸುವ ಒಂದು ದೊಡ್ಡ ಕಂಪನಿಯನ್ನು ತೆಗೆದುಕೊಳ್ಳಿ. ವರ್ಷಕ್ಕೆ 7.3 ಲಕ್ಷ ಹಾರಾಟ. ಜಗತ್ತಿನ ಸರಾಸರಿಯಷ್ಟೇ ಸುರಕ್ಷಿತವಾಗಿದ್ದರೂ ಅದಕ್ಕೆ ಇಂಥ ಅಪಘಾತ ಬರುವುದು ಸರಾಸರಿ 8 ವರ್ಷಕ್ಕೊಮ್ಮೆ. ದಿನಕ್ಕೆ 200 ಹಾರಾಟ ನಡೆಸುವ ಸಣ್ಣ ಕಂಪನಿಗಾದರೆ ಸುಮಾರು 79 ವರ್ಷಕ್ಕೊಮ್ಮೆ!

ಅಂದರೆ ಸಣ್ಣ ಕಂಪನಿ 10 ವರ್ಷ ಒಂದೂ ಅಪಘಾತವಿಲ್ಲದೆ ಕಳೆದಿದ್ದರೆ ಅದು ಬಹಳ ಸುರಕ್ಷಿತ ಎಂದು ಸಾಬೀತಾಗುವುದಿಲ್ಲ. ಸರಾಸರಿಗಿಂತ ಎರಡು ಪಟ್ಟು ಕೆಟ್ಟದಾಗಿದ್ದರೂ ಅಷ್ಟು ಕಾಲ ಏನೂ ಆಗದಿರುವ ಸಾಧ್ಯತೆಯೇ ಹೆಚ್ಚು. 2022ರ ಆಗಸ್ಟ್‌ನಲ್ಲಿ ಹಾರಾಟ ಆರಂಭಿಸಿದ ಆಕಾಸ ಏರ್‌ನ ಸೊನ್ನೆಯನ್ನೂ, 2006ರಿಂದ ಹಾರುತ್ತಿರುವ, ಈಗ ದಿನಕ್ಕೆ 2,000ಕ್ಕೂ ಹೆಚ್ಚು ಹಾರಾಟ ನಡೆಸುವ ಇಂಡಿಗೋದ ಸೊನ್ನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಎರಡರಲ್ಲೂ ಅಪಘಾತದಲ್ಲಿ ಪ್ರಯಾಣಿಕರು ಸತ್ತಿಲ್ಲ. ಆದರೆ ಇಂಡಿಗೋದ ಸೊನ್ನೆಯ ಹಿಂದೆ ಬಹಳ ಹೆಚ್ಚು ಹಾರಾಟಗಳಿವೆ.

ಒಂದೇ ಅಪಘಾತ ದಾಖಲೆಯನ್ನು ಹೇಗೆ ತಲೆಕೆಳಗು ಮಾಡುತ್ತದೆ ಎಂಬುದಕ್ಕೆ ಕಾಂಕಾರ್ಡ್ ಸಾಕ್ಷಿ. 1976ರಿಂದ ಪ್ರಯಾಣಿಕರನ್ನು ಒಯ್ದ ಈ ಶಬ್ದಾತೀತ ವಿಮಾನದಲ್ಲಿ 24 ವರ್ಷ ಒಬ್ಬ ಪ್ರಯಾಣಿಕನೂ ಸತ್ತಿರಲಿಲ್ಲ. 2000ದ ಜುಲೈ 25ರಂದು ಪ್ಯಾರಿಸ್‌ನಲ್ಲಿ ಒಂದು ವಿಮಾನ ಬಿದ್ದು 113 ಮಂದಿ ಸತ್ತರು. ಹಾರಾಟಗಳ ಸಂಖ್ಯೆ ಕಡಿಮೆ ಇದ್ದುದರಿಂದ, ಪಟ್ಟಿಯಲ್ಲಿ ಅತಿ ಸುರಕ್ಷಿತವಾಗಿದ್ದ ವಿಮಾನ ಒಂದೇ ದಿನದಲ್ಲಿ ಅತಿ ಕೆಟ್ಟದ್ದಾಯಿತು. ಹಿಂದಿನ ದಿನಕ್ಕೂ ಮರುದಿನಕ್ಕೂ ವಿಮಾನದಲ್ಲಿ ವ್ಯತ್ಯಾಸವೇನೂ ಆಗಿರಲಿಲ್ಲ.

ಇನ್ನೊಂದು ಮಾತು. 'ಇಷ್ಟು ಕೋಟಿ ಕಿಲೋಮೀಟರ್‌ಗೆ ಇಷ್ಟು ಸಾವು' ಎಂಬ ಲೆಕ್ಕ ದೂರ ಹಾರುವ ಕಂಪನಿಗಳಿಗೆ ಅನುಕೂಲ ಮಾಡಿಕೊಡುತ್ತದೆ. ಅಪಾಯ ಹೆಚ್ಚಿರುವುದು ಏರುವಾಗ ಮತ್ತು ಇಳಿಯುವಾಗ. ಪುಣೆಯಿಂದ ಬೆಂಗಳೂರಿಗೆ ಒಂದೂವರೆ ಗಂಟೆ ಹಾರುವ ವಿಮಾನವೂ ದೆಹಲಿಯಿಂದ ನ್ಯೂಯಾರ್ಕ್‌ಗೆ ಹೋಗುವ ವಿಮಾನವೂ ಒಂದೊಂದು ಸಲವೇ ಏರಿ ಇಳಿಯುತ್ತವೆ. ಹಾಗಾಗಿ ಹಾರಾಟಗಳ ಸಂಖ್ಯೆಗೆ ಹೋಲಿಸುವುದೇ ಸರಿ.

ಹೆಸರು ಬದಲಾದರೆ ದಾಖಲೆ ಎಲ್ಲಿಗೆ ಹೋಗುತ್ತದೆ?

ಕಂಪನಿಗಳು ಒಂದರೊಳಗೊಂದು ಸೇರಿಕೊಂಡಾಗ ಹೋಲಿಕೆ ಇನ್ನಷ್ಟು ಗೋಜಲಾಗುತ್ತದೆ. 2015ರ ಜನವರಿಯಲ್ಲಿ ಹಾರಾಟ ಶುರು ಮಾಡಿದ ವಿಸ್ತಾರಾ ಒಂದೂ ಸಾವಿನ ಅಪಘಾತವಿಲ್ಲದೆ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಬೆಂಗಳೂರಿನಿಂದ ನಡೆಯುತ್ತಿದ್ದ, ಮೊದಲು ಏರ್‌ಏಷ್ಯಾ ಇಂಡಿಯಾ ಎಂಬ ಹೆಸರಿದ್ದ ಕಂಪನಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ಗೆ ಸೇರಿತು. ಇಂಡಿಯನ್ ಏರ್‌ಲೈನ್ಸ್ 2007ರಲ್ಲೇ ಏರ್ ಇಂಡಿಯಾ ಜೊತೆ ಒಂದಾಗಿತ್ತು. 2022ರ ಜನವರಿ 27ರಂದು ಇಡೀ ಏರ್ ಇಂಡಿಯಾ ಸರ್ಕಾರದಿಂದ ಟಾಟಾ ಸಮೂಹಕ್ಕೆ ಹೋಯಿತು.

ಹಾಗಾದರೆ 1979ರಲ್ಲಿ ಪನ್ವೇಲ್ ಬಳಿ ಬಿದ್ದ ವಿಮಾನ ಇಂದಿನ ಏರ್ ಇಂಡಿಯಾದ ಲೆಕ್ಕಕ್ಕೆ ಬರಬೇಕೇ? ವಿಸ್ತಾರಾದ ಒಳ್ಳೆಯ ಹೆಸರು ಯಾರಿಗೆ? ಆಡಳಿತ, ಪೈಲಟ್‌ಗಳ ತರಬೇತಿ, ವಿಮಾನಗಳು ಎಲ್ಲವೂ ಬದಲಾದ ಮೇಲೆ 40 ವರ್ಷ ಹಿಂದಿನ ಅಂಕಿ ಇಂದಿನ ವಿಮಾನದ ಬಗ್ಗೆ ಹೇಳುವುದು ಕಡಿಮೆ. ದಕ್ಷಿಣ ಕೊರಿಯಾದ ಕೊರಿಯನ್ ಏರ್ 1990ರ ದಶಕದಲ್ಲಿ ಅಪಘಾತಗಳಿಗೆ ಕುಖ್ಯಾತವಾಗಿತ್ತು. 1997ರಲ್ಲಿ ಗುವಾಮ್‌ನಲ್ಲಿ 228 ಮಂದಿ ಸತ್ತರು. ಆ ಮೇಲೆ ತರಬೇತಿಯನ್ನೂ, ಕಾಕ್‌ಪಿಟ್‌ನಲ್ಲಿ ಕಿರಿಯರು ಹಿರಿಯರಿಗೆ ಎದುರು ಮಾತಾಡದ ಅಭ್ಯಾಸವನ್ನೂ ಬದಲಿಸಿತು. ಇಂದು ಅದನ್ನು ಅಪಾಯಕಾರಿ ಕಂಪನಿ ಎಂದು ಯಾರೂ ಕರೆಯುವುದಿಲ್ಲ.

ಮಂಗಳೂರು, ಕೋಝಿಕ್ಕೋಡ್: ದಾಖಲೆ ನಿಜಕ್ಕೂ ಮಾತಾಡಿದ್ದು ಇಲ್ಲಿ

ಹಾಗೆಂದು ಕಂಪನಿಯ ದಾಖಲೆಗೆ ಬೆಲೆಯೇ ಇಲ್ಲ ಎಂದಲ್ಲ. ಸಂಖ್ಯೆ ಬಿಟ್ಟು ಕಾರಣ ನೋಡಿದರೆ ಅದು ಬಹಳ ಹೇಳುತ್ತದೆ.

2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ರನ್‌ವೇ ದಾಟಿ ಕಂದಕಕ್ಕೆ ಉರುಳಿತು. 166 ಮಂದಿಯಲ್ಲಿ 158 ಮಂದಿ ಸತ್ತರು, 8 ಮಂದಿ ಮಾತ್ರ ಬದುಕಿದರು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಆ ಬೆಳಗು ಇಂದಿಗೂ ಮರೆತಿಲ್ಲ. ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯದ ವರದಿ ಪ್ರಕಾರ, ಇಳಿಯುವ ಕ್ರಮ ಸರಿಯಿಲ್ಲದಿದ್ದರೂ ಕ್ಯಾಪ್ಟನ್ ಇಳಿಸಲು ಮುಂದಾದರು. 'ಗೋ ಅರೌಂಡ್', ಅಂದರೆ ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದರು. ವಿಮಾನ ರನ್‌ವೇ ಆರಂಭದಿಂದ ಸುಮಾರು 5,200 ಅಡಿ ಮುಂದೆ ನೆಲ ಮುಟ್ಟಿತು. ಉಳಿದದ್ದು ಸುಮಾರು 2,800 ಅಡಿ. ಹಾರಾಟದ ವೇಳೆ ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ನಿದ್ರಿಸಿದ್ದರು ಎಂಬುದೂ ವರದಿಯಲ್ಲಿದೆ.

10 ವರ್ಷಗಳ ನಂತರ, 2020ರ ಆಗಸ್ಟ್ 7ರ ಮಳೆಯ ರಾತ್ರಿ, ಅದೇ ಕಂಪನಿಯ 1344 ವಿಮಾನ ದುಬೈನಿಂದ ಕೋಝಿಕ್ಕೋಡ್‌ಗೆ ಬಂತು. ಅದೂ ಬೋಯಿಂಗ್ 737, ಅದೂ ಬೆಟ್ಟದ ತುದಿಯ ಟೇಬಲ್‌ಟಾಪ್ ರನ್‌ವೇ. ವಿಮಾನ ರನ್‌ವೇಯ ಅರ್ಧದಷ್ಟು ದಾಟಿದ ಮೇಲೆ ನೆಲ ಮುಟ್ಟಿ, ಕೊನೆಯಲ್ಲಿ ಕೆಳಗುರುಳಿತು. 190 ಮಂದಿಯಲ್ಲಿ ಇಬ್ಬರೂ ಪೈಲಟ್‌ಗಳು ಸೇರಿ 21 ಮಂದಿ ಸತ್ತರು. 'ಗೋ ಅರೌಂಡ್' ಎಂದು ಸಹ ಪೈಲಟ್ ಹೇಳಿದ್ದರೂ ಇಳಿಸುವುದು ಮುಂದುವರಿಯಿತು ಎಂದು ತನಿಖಾ ವರದಿ ಹೇಳಿತು.

ಒಂದೇ ಕಂಪನಿ, ಒಂದೇ ಬಗೆಯ ತಪ್ಪು, ನಡುವೆ 10 ವರ್ಷ. ಎರಡು ಅಪಘಾತ ಎಂಬ ಸಂಖ್ಯೆಗಿಂತ ಈ ಹೋಲಿಕೆ ಗಂಭೀರ. ಮೊದಲ ದುರಂತದ ಪಾಠ ಎಲ್ಲರ ತಲೆಗೂ ಇಳಿದಿತ್ತೇ ಎಂಬ ಪ್ರಶ್ನೆಯನ್ನು ಅದು ಎತ್ತುತ್ತದೆ. ಕಂಪನಿಗಳನ್ನು ಹೋಲಿಸುವಾಗ ಕೇಳಬೇಕಾದ ಪ್ರಶ್ನೆಯೂ ಇದೇ: ಅದೇ ತಪ್ಪು ಮರುಕಳಿಸಿತೇ?

ಅಹಮದಾಬಾದ್ ದುರಂತ ಈ ಸಾಲಿಗೆ ಸೇರುತ್ತದೆಯೇ? ಮೂರೂ ಏರ್ ಇಂಡಿಯಾ ಸಮೂಹದ ವಿಮಾನಗಳು ಎಂಬುದು ನಿಜ. ಆದರೆ ಬಗೆ ಬೇರೆ. ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಒಂದಾದ ಮೇಲೊಂದರಂತೆ 'ಕಟ್‌ಆಫ್' ಸ್ಥಾನಕ್ಕೆ ಹೋದವು ಎಂದು ವಿಮಾನ ಅಪಘಾತ ತನಿಖಾ ಬ್ಯೂರೊದ 2025ರ ಜುಲೈನ ಪ್ರಾಥಮಿಕ ವರದಿ ಹೇಳಿತು. ಯಾಕೆ ಹೋದವು, ಯಾರಿಂದ ಹೋದವು ಎಂಬುದನ್ನು ಆ ವರದಿ ಹೇಳಲಿಲ್ಲ. ಕಾರಣ ಗೊತ್ತಾಗದೆ ಅದನ್ನು ಕಂಪನಿಯ ಒಳ್ಳೆಯ ಖಾತೆಗೂ ಕೆಟ್ಟ ಖಾತೆಗೂ ಬರೆಯಲಾಗದು.

ಹೊಸ ವಿಮಾನವಾದರೆ ಸುರಕ್ಷಿತವೇ?

ಇದಕ್ಕೆ ಉತ್ತರ ಬೆಂಗಳೂರಿನಲ್ಲಿದೆ. 1990ರ ಫೆಬ್ರವರಿ 14ರಂದು ಮುಂಬೈನಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ವಿಮಾನ ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಪಕ್ಕದ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಮಂದಿಯಲ್ಲಿ 92 ಮಂದಿ ಸತ್ತರು. ಅದು ಆ ಕಾಲದ ಅತ್ಯಾಧುನಿಕ ಏರ್‌ಬಸ್ ಎ320, ಹೊಚ್ಚ ಹೊಸ ವಿಮಾನ. ಕಂಪ್ಯೂಟರ್ ನಡೆಸುವ ಈ ವಿಮಾನವನ್ನೇ ಜನ ಅನುಮಾನಿಸಿದರು. ಇಂಡಿಯನ್ ಏರ್‌ಲೈನ್ಸ್‌ನ ಎಲ್ಲ ಎ320ಗಳೂ ತಿಂಗಳುಗಟ್ಟಲೆ ನೆಲದಲ್ಲೇ ನಿಂತವು.

ಎಂಜಿನ್ ಶಕ್ತಿ ಕನಿಷ್ಠಕ್ಕೆ ಇಳಿದು ವಿಮಾನ ಕುಸಿಯುತ್ತಿರುವುದನ್ನು ಪೈಲಟ್‌ಗಳು ಸಕಾಲದಲ್ಲಿ ಗುರುತಿಸಲಿಲ್ಲ ಎಂಬುದು ತನಿಖೆಯ ನಿರ್ಣಯ. ಹೊಸ ಯಂತ್ರ ಬಂದಿತ್ತು, ಅದರ ಅಭ್ಯಾಸ ಇನ್ನೂ ಕೈಗೆ ಹತ್ತಿರಲಿಲ್ಲ. ಇಂದು ಪುಣೆಯಿಂದ ಬೆಂಗಳೂರಿಗೆ ಹಾರುವವರಲ್ಲಿ ಬಹಳ ಮಂದಿ ಅದೇ ಎ320 ಕುಟುಂಬದ ವಿಮಾನದಲ್ಲೇ ಕೂರುತ್ತಾರೆ, ಅದನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ವಿಮಾನದ ವಯಸ್ಸಿಗಿಂತ ಅದರ ನಿರ್ವಹಣೆ ಮತ್ತು ನಡೆಸುವವರ ತರಬೇತಿ ಮುಖ್ಯ.

ಹಾಗಾದರೆ ಏನನ್ನು ನೋಡಬೇಕು?

ದೊಡ್ಡ ಅಪಘಾತಗಳು ಅಪರೂಪ. ಹಾಗಾಗಿ ತಜ್ಞರು ನೋಡುವುದು ಅವುಗಳಿಗೆ ಮೊದಲು ಕಾಣುವ ಸಣ್ಣ ಸೂಚನೆಗಳನ್ನು.

* ಒಂದೇ ಬಗೆಯ ಘಟನೆ ಮತ್ತೆ ಮತ್ತೆ: 2023ರಲ್ಲಿ ಆರು ತಿಂಗಳಲ್ಲಿ ಇಂಡಿಗೋದ ಎ321 ವಿಮಾನಗಳ ಹಿಂಭಾಗ ನಾಲ್ಕು ಬಾರಿ ರನ್‌ವೇಗೆ ಉಜ್ಜಿತು. ವಿಮಾನಯಾನ ನಿಯಂತ್ರಕ ಡಿಜಿಸಿಎ ತರಬೇತಿ ಮತ್ತು ಕಾರ್ಯವಿಧಾನದಲ್ಲಿ ಲೋಪವಿದೆ ಎಂದು 30 ಲಕ್ಷ ರೂಪಾಯಿ ದಂಡ ಹಾಕಿತು. ಸಾವಿನ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ.

* ನಿರ್ವಹಣೆಯ ದೋಷಗಳು: 2022ರಲ್ಲಿ 18 ದಿನಗಳಲ್ಲಿ ಕನಿಷ್ಠ 8 ಘಟನೆಗಳ ನಂತರ ಡಿಜಿಸಿಎ ಸ್ಪೈಸ್‌ಜೆಟ್‌ಗೆ ನೋಟಿಸ್ ಕೊಟ್ಟಿತು. ಜುಲೈ ಕೊನೆಯಲ್ಲಿ, ಎಂಟು ವಾರ ಅರ್ಧದಷ್ಟು ವಿಮಾನಗಳನ್ನು ಮಾತ್ರ ಹಾರಿಸಬೇಕೆಂದು ಆದೇಶಿಸಿತು.

* ಸಿಬ್ಬಂದಿಯ ದಣಿವು ಮತ್ತು ಅರ್ಹತೆ: 2024ರ ಮಾರ್ಚ್‌ನಲ್ಲಿ ಪೈಲಟ್‌ಗಳ ಕೆಲಸದ ಅವಧಿ ಮತ್ತು ವಿಶ್ರಾಂತಿ ನಿಯಮ ಮೀರಿದ್ದಕ್ಕೆ ಏರ್ ಇಂಡಿಯಾಗೆ 80 ಲಕ್ಷ ರೂಪಾಯಿ, ಆಗಸ್ಟ್‌ನಲ್ಲಿ ಅರ್ಹತೆ ಇಲ್ಲದ ಸಿಬ್ಬಂದಿಯಿಂದ ವಿಮಾನ ನಡೆಸಿದ್ದಕ್ಕೆ 90 ಲಕ್ಷ ರೂಪಾಯಿ ದಂಡ ಬಿತ್ತು.

* ಸ್ವತಂತ್ರ ತಪಾಸಣೆ: ಐಎಟಿಎ ನಡೆಸುವ ಸುರಕ್ಷತಾ ಆಡಿಟ್ ಪಾಸಾದ ಕಂಪನಿಗಳ ಹೆಸರು ಬಹಿರಂಗವಾಗಿ ಸಿಗುತ್ತದೆ. ಯುರೋಪಿಯನ್ ಒಕ್ಕೂಟ ತನ್ನ ಆಕಾಶದಲ್ಲಿ ನಿಷೇಧಿಸಿದ ಕಂಪನಿಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ವಿದೇಶದಲ್ಲಿ ಹೆಸರೇ ಕೇಳದ ಕಂಪನಿಯ ಟಿಕೆಟ್ ತೆಗೆಯುವಾಗ ಈ ಎರಡನ್ನು ನೋಡುವುದು ನಿಜಕ್ಕೂ ಉಪಯುಕ್ತ.

ಇಲ್ಲೂ ಒಂದು ಎಚ್ಚರಿಕೆ ಬೇಕು. ಸಣ್ಣ ಲೋಪಗಳನ್ನು ಪ್ರಾಮಾಣಿಕವಾಗಿ ವರದಿ ಮಾಡುವ ಕಂಪನಿಯ ಪಟ್ಟಿ ಉದ್ದವಿರುತ್ತದೆ. ಮುಚ್ಚಿಡುವ ಕಂಪನಿಯ ಪಟ್ಟಿ ಚಿಕ್ಕದಾಗಿ, ಚಂದವಾಗಿ ಕಾಣುತ್ತದೆ.

ಕಂಪನಿಯ ಮೇಲೆ ಕಣ್ಣಿಡುವ ದೇಶದ ವ್ಯವಸ್ಥೆಯೂ ಅಷ್ಟೇ ಮುಖ್ಯ. ಭಾರತದ ಸುರಕ್ಷತಾ ಮೇಲ್ವಿಚಾರಣೆ ಸಾಲದು ಎಂದು ಅಮೆರಿಕ 2014ರ ಜನವರಿಯಲ್ಲಿ ನಮ್ಮ ದರ್ಜೆಯನ್ನು ಇಳಿಸಿತ್ತು. 2015ರ ಏಪ್ರಿಲ್‌ನಲ್ಲಿ ಮರಳಿ ಕೊಟ್ಟಿತು. ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಸಿಎಒದ ಪರಿಶೀಲನೆಯಲ್ಲಿ 2018ರಲ್ಲಿ ಶೇ 69.95 ಇದ್ದ ಭಾರತದ ಅಂಕ 2022ರಲ್ಲಿ ಶೇ 85 ದಾಟಿತು.

ನಿದ್ದೆಯ ನಿಯಮ ಮತ್ತು ರದ್ದಾದ ವಿಮಾನಗಳು

2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ದೇಶದಾದ್ಯಂತ ಸಾವಿರಾರು ಹಾರಾಟಗಳನ್ನು ರದ್ದು ಮಾಡಿತು. ಮದುವೆ, ಪರೀಕ್ಷೆ, ಆಸ್ಪತ್ರೆಗೆಂದು ಹೊರಟವರು ನಿಲ್ದಾಣಗಳಲ್ಲೇ ಉಳಿದರು. ಪೈಲಟ್‌ಗಳಿಗೆ ವಾರಕ್ಕೆ 36 ಗಂಟೆ ಇದ್ದ ವಿಶ್ರಾಂತಿಯನ್ನು 48 ಗಂಟೆಗೆ ಏರಿಸಿ, ರಾತ್ರಿ ಇಳಿಸುವಿಕೆಯನ್ನು ಮಿತಗೊಳಿಸಿದ ಹೊಸ ನಿಯಮಗಳಿಗೆ ಕಂಪನಿ ಸರಿಯಾಗಿ ಸಿದ್ಧವಾಗಿರಲಿಲ್ಲ. ಕೊನೆಗೆ ಡಿಜಿಸಿಎ ಅದಕ್ಕೆ ತಾತ್ಕಾಲಿಕ ವಿನಾಯಿತಿ ಕೊಟ್ಟಿತು.

ಪ್ರಯಾಣಿಕರ ಸಿಟ್ಟು ನ್ಯಾಯವೇ. ಆದರೆ ಆ ನಿಯಮ ಇರುವುದು ಯಾಕೆಂಬುದನ್ನು ಮಂಗಳೂರಿನ ವರದಿ ಓದಿದವರು ಬಲ್ಲರು. ವಿಮಾನ ಸಮಯಕ್ಕೆ ಸರಿಯಾಗಿ ಹೊರಡುವುದು ಕಣ್ಣಿಗೆ ಕಾಣುತ್ತದೆ, ಪೈಲಟ್ ಚೆನ್ನಾಗಿ ನಿದ್ದೆ ಮಾಡಿ ಬಂದಿದ್ದಾರೆಯೇ ಎಂಬುದು ಕಾಣುವುದಿಲ್ಲ. ಸುರಕ್ಷತೆಯ ಹೆಚ್ಚಿನ ಕೆಲಸ ಇರುವುದು ಹೀಗೆ ಕಾಣದ ಜಾಗದಲ್ಲೇ.

ಬಸ್ಸೋ, ವಿಮಾನವೋ?

ವಿಮಾನದ ಭಯದಿಂದ ರಸ್ತೆ ಹಿಡಿಯುವವರು ಒಂದು ಅಂಕಿ ನೆನಪಿಟ್ಟುಕೊಳ್ಳಬೇಕು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅದು ದಿನಕ್ಕೆ ಸರಾಸರಿ 460ಕ್ಕೂ ಹೆಚ್ಚು. ಅಹಮದಾಬಾದ್ ದುರಂತದಲ್ಲಿ ಸತ್ತವರು ಒಟ್ಟು 260. ಪುಣೆಯಿಂದ ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಹಾದು ಬೆಂಗಳೂರಿಗೆ ಸುಮಾರು 840 ಕಿ.ಮೀ. ರಾತ್ರಿಯಿಡೀ ಹೆದ್ದಾರಿಯಲ್ಲಿ ಸಾಗುವುದಕ್ಕೆ ಹೋಲಿಸಿದರೆ ಯಾವ ಕಂಪನಿಯ ವಿಮಾನವಾದರೂ ಅಪಾಯ ಬಹಳ ಕಡಿಮೆ. ಕಂಪನಿ ಕಂಪನಿಗಳ ನಡುವಿನ ವ್ಯತ್ಯಾಸಕ್ಕಿಂತ ರಸ್ತೆ ಮತ್ತು ಆಕಾಶದ ನಡುವಿನ ವ್ಯತ್ಯಾಸ ಎಷ್ಟೋ ದೊಡ್ಡದು.

ಪ್ರಯಾಣಿಕರ ಕೈಯಲ್ಲಿರುವುದು

* ಸಾಧ್ಯವಾದರೆ ನೇರ ವಿಮಾನ ಆರಿಸಿ. ಒಂದು ಕಡೆ ಇಳಿದು ಮತ್ತೆ ಹತ್ತಿದರೆ ಏರುವ, ಇಳಿಯುವ ಸಂಖ್ಯೆ ಎರಡು ಪಟ್ಟಾಗುತ್ತದೆ.
* ಕೂತಿರುವಷ್ಟು ಹೊತ್ತೂ ಸೀಟ್ ಬೆಲ್ಟ್ ಹಾಕಿರಿ. 2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೊರಟ ಇಂಡಿಗೋ ವಿಮಾನ ಆಲಿಕಲ್ಲು ಮಳೆಗೆ ಸಿಕ್ಕಿ ಮೂಗಿನ ಭಾಗ ಜಜ್ಜಿಹೋದರೂ, 220ಕ್ಕೂ ಹೆಚ್ಚು ಮಂದಿಯನ್ನು ಸುರಕ್ಷಿತವಾಗಿ ಇಳಿಸಿತು. ಅಂಥ ಕುಲುಕಾಟ ಹೇಳಿ ಬರುವುದಿಲ್ಲ.
* ನಿಮ್ಮ ಸೀಟಿನಿಂದ ತುರ್ತು ಬಾಗಿಲು ಎಷ್ಟು ಸಾಲು ದೂರವಿದೆ ಎಂದು ಎಣಿಸಿಕೊಳ್ಳಿ. ಹೊಗೆ ತುಂಬಿದರೆ ಕಣ್ಣು ಕಾಣುವುದಿಲ್ಲ.
* ತುರ್ತಾಗಿ ಇಳಿಯಬೇಕಾದಾಗ ಬ್ಯಾಗ್ ಬಿಟ್ಟುಬಿಡಿ. 2024ರ ಜನವರಿ 2ರಂದು ಟೋಕಿಯೊದ ಹನೇದಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿಯಾಗಿ ಹೊತ್ತಿ ಉರಿಯಿತು. ಸಣ್ಣ ವಿಮಾನದಲ್ಲಿದ್ದ ಐವರು ಸತ್ತರು. ದೊಡ್ಡ ವಿಮಾನದಲ್ಲಿದ್ದ 379 ಮಂದಿಯೂ ಸಾಮಾನು ಬಿಟ್ಟು ಹೊರಬಂದು ಬದುಕಿದರು.
* ವಿಮಾನ ತಡವಾದಾಗ ಅಥವಾ ಪೈಲಟ್ ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರಿಸಿದಾಗ ಗಾಬರಿಪಡಬೇಡಿ. ಮಂಗಳೂರು ಮತ್ತು ಕೋಝಿಕ್ಕೋಡ್‌ನಲ್ಲಿ ಆಗಬೇಕಿದ್ದದ್ದು ಅದೇ, ಆಗದೆ ಹೋದದ್ದೂ ಅದೇ.

ಪುಣೆಯಿಂದ ಬೆಂಗಳೂರಿಗೆ ಹೊರಡುವ ಕುಟುಂಬ ದರ, ಸಮಯ ನೋಡಿ ಟಿಕೆಟ್ ತೆಗೆದರೆ ದೊಡ್ಡ ತಪ್ಪೇನೂ ಆಗುವುದಿಲ್ಲ. ಕಂಪನಿಯನ್ನು ಅಳೆಯಲೇಬೇಕೆಂದರೆ ಎಷ್ಟು ಬಿದ್ದವು ಎಂದು ಎಣಿಸುವುದಕ್ಕಿಂತ, ಬಿದ್ದ ಮೇಲೆ ಏನು ಬದಲಾಯಿತು ಎಂದು ನೋಡುವುದು ಲೇಸು. ಜುನ್ನರ್ ಮತ್ತು ಪನ್ವೇಲ್‌ನ ಬೆಟ್ಟಗಳು ಇದ್ದಲ್ಲೇ ಇವೆ, ಮಳೆಗಾಲದ ಮೋಡವೂ ಹಾಗೆಯೇ ಕವಿಯುತ್ತದೆ. ಅವುಗಳ ಮೇಲೆ ಇಂದು ದಿನವೂ ವಿಮಾನಗಳು ನಿಶ್ಚಿಂತೆಯಿಂದ ದಾಟುತ್ತಿರುವುದು ಹಿಂದಿನವರ ಸಾವಿನಿಂದ ಯಾರೋ ಪಾಠ ಕಲಿತದ್ದರಿಂದ.